ಒಂದು ಮೂಟೆಯ ಮೇಲೆ ನಾಲ್ಕು ಕಿಲೋ

ಉಡುಮಲೈಪೇಟೆ
9-2-1986

ಶಿವಗಾಮಿಗೆ,

ಅಕ್ಕ ರಂಗನಾಯಕಿಯ ಆಶೀರ್ವಾದ. ಆಶೀರ್ವಾದ ಮಾಡುವ ಮನಸ್ಸೇನೂ ಇಲ್ಲ. ಕಾಗದ ಹಾಗೆ ಶುರುವಾಗಬೇಕೆಂದು ಅಪ್ಪ ಕಲಿಸಿದ್ದಕ್ಕೆ ಬರೆದೆ.

ಮೊಮ್ಮಗಳ ಕಿವಿ ಚುಚ್ಚುವ ಶಾಸ್ತ್ರಕ್ಕೂ ನೀನು ಬರಲಿಲ್ಲ. ನಿನ್ನ ಮುಖ ನೋಡಿ ಮೂರು ವರ್ಷವಾಯಿತು. ಕುನ್ನತ್ತೂರೇನು ಕಾಶಿಯಲ್ಲಿದೆಯೇ? ಎರಡು ಬಸ್ಸು ಹತ್ತಿ ಇಳಿದರೆ ನಮ್ಮ ಎಣ್ಣೆ ಮಿಲ್ಲಿನ ಚಿಮಣಿ ಕಾಣುತ್ತದೆ. ನಿನ್ನ ಗಂಡ ಗೋವಿಂದಸಾಮಿ ಒಬ್ಬನೇ ಬಂದು, 'ಅವಳಿಗೆ ಮಂಡಿ ನೋವು' ಎಂದು ಹೇಳಿ, ಎರಡು ಸಲ ಪಾಯಸ ಹಾಕಿಸಿಕೊಂಡು ಹೋದ. ನಿನಗೆ ಸೊಕ್ಕು, ಅಷ್ಟೇ.

ಇರಲಿ. ನನ್ನ ಸೊಸೆಯ ಸಂಗತಿ ಹೇಳುತ್ತೇನೆ ಕೇಳು. ಕಲಾಳನ್ನು ಪೊಳ್ಳಾಚಿಯಿಂದ ತಂದಾಗ ಬೆತ್ತದ ಹಾಗಿದ್ದಳು, ನೀನೇ ನೋಡಿದ್ದೀಯ. ಮೂರು ಹೆತ್ತಳು, ಆಪರೇಷನ್ ಮಾಡಿಸಿಕೊಂಡಳು, ಈಗ ಬಾಗಿಲಿಗೆ ಅಡ್ಡ ನಿಂತರೆ ಒಳಗೆ ಬೆಳಕು ಬರುವುದಿಲ್ಲ. ಶಾಸ್ತ್ರಕ್ಕೆ ಬಂದ ಹೆಂಗಸರೆಲ್ಲ ಸೆರಗು ಮುಚ್ಚಿಕೊಂಡು ನಕ್ಕರು. ಅಡುಗೆಮನೆ ಬಿಟ್ಟು ಹೊರಗೆ ಬರದೆ ತಿಂದರೆ ಇನ್ನೇನಾಗುತ್ತದೆ? ನನಗೆ ಮೈಯೆಲ್ಲ ಉರಿದುಹೋಯಿತು. ಮಾರನೆಯ ದಿನ ಮಿಲ್ಲಿನ ಅಂಗಳಕ್ಕೆ ಕರೆಸಿ, ಕಡಲೆಬೀಜದ ಮೂಟೆ ತೂಗುವ ತಕ್ಕಡಿಯ ಮೇಲೆ ಹತ್ತು ಎಂದೆ. ಕಿವಿ ಬಾತ ಮಗು ಸೊಂಟದಲ್ಲಿ ಕಿರುಚುತ್ತಿತ್ತು, ಇವಳು ಕಣ್ಣೀರು ಸುರಿಸುತ್ತ ಹತ್ತಿದಳು. ಪೆರಿಯಸಾಮಿ ಹದಿನೆಂಟು ವರ್ಷದಿಂದ ನಮ್ಮಲ್ಲಿ ತೂಗುವವನು, ಕೈ ತಪ್ಪುವುದಿಲ್ಲ. 'ಎಂಬತ್ನಾಲ್ಕು' ಎಂದ. ಬೀಜದ ಮೂಟೆ ಎಂಬತ್ತು. ಇವಳು ಒಂದು ಮೂಟೆಯ ಮೇಲೆ ನಾಲ್ಕು ಕಿಲೋ! ಮೂಟೆ ಹೊರುವವರೆಲ್ಲ ನಕ್ಕರು. ನಗಲಿ, ನಾಚಿಕೆಯಾದರೆ ತಿನ್ನುವುದು ಕಮ್ಮಿಯಾದೀತು.

ಮಗ ದಂಡಪಾಣಿಗೆ ಹೇಳಿದ್ದೇನೆ: ಬೇಸಿಗೆಯ ಚಿತ್ತಿರೈ ತಿಂಗಳು ಬರುವುದರೊಳಗೆ ಇವಳು ಇಳಿಯದಿದ್ದರೆ ತೌರಿಗೆ ಕಳಿಸುತ್ತೇನೆ, ಮಕ್ಕಳು ಇಲ್ಲೇ ಇರಲಿ. ಆಮೇಲೆ ಅವನಿಗೆ ಬೇರೆ ಹೆಣ್ಣು ಸಿಗದೇನೂ ಇರುವುದಿಲ್ಲ. ಅವನು ತಲೆ ಬಗ್ಗಿಸಿಕೊಂಡು ಕೂತಿದ್ದ, ಅವನಪ್ಪ ಬದುಕಿದ್ದಾಗ ಕೂರುತ್ತಿದ್ದ ಹಾಗೆಯೇ.

ಐವತ್ತೊಂದು ವರ್ಷದ ನನ್ನನ್ನು ನೋಡಿ ಕಲಿಯಬೇಕು ಇವಳು. ಈ ವರ್ಷ ನಾನು ಇನ್ನೂ ತೆಳ್ಳಗಾಗಿದ್ದೇನೆ. ರವಿಕೆಗಳನ್ನೆಲ್ಲ ಹಿಡಿಸಿಯಾಯಿತು, ಬಳೆ ಮೊಣಕೈವರೆಗೆ ಜಾರುತ್ತದೆ. ದಿನಾ ತೋಟಕ್ಕೆ ನಡೆದುಹೋಗಿ ಬರುತ್ತೇನೆ. ಹೊಸ ಚಪ್ಪಲಿ ಕಚ್ಚಿ ಹೆಬ್ಬೆರಳ ಪಕ್ಕ ಗಾಯವಾಗಿದೆ, ಆದರೂ ನಿಂತಿಲ್ಲ.

ಧೈರ್ಯವಾಗಿ ಬರೆಯುತ್ತಿದ್ದೇನೆ. ಈ ಮನೆಯಲ್ಲಿ ಮಾತು ಕನ್ನಡವೇ ಹೊರತು ಓದುಬರಹವೆಲ್ಲ ತಮಿಳು. ಅಪ್ಪ ಮರಳಿನ ಮೇಲೆ ತಿದ್ದಿಸಿದ ಈ ಅಕ್ಷರ ನಿನಗೆ ಮತ್ತು ನನಗೆ ಬಿಟ್ಟರೆ ಯಾರಿಗೂ ತಿಳಿಯದು.

ರಂಗನಾಯಕಿ


ಕುನ್ನತ್ತೂರು
20-2-1986

ಅಕ್ಕನಿಗೆ ಶಿವಗಾಮಿಯ ನಮಸ್ಕಾರ.

ನಿನ್ನ ಕಾಗದ ಬಂತು. ಮಂಡಿ ನೋವು ನಿಜವಾಗಿಯೂ ಇದೆ. ಸೊಕ್ಕು ಎನ್ನುವುದಾದರೆ ಅನ್ನು, ಏನು ಮಾಡಲಿ. ಮಗುವಿನ ಕಿವಿ ಒಣಗಿತೇ?

ಕಲಾಳನ್ನು ಗಂಡಾಳುಗಳ ಮುಂದೆ ತಕ್ಕಡಿಗೆ ಹತ್ತಿಸಬಾರದಿತ್ತು. ನಮ್ಮಮ್ಮ ಇದ್ದಿದ್ದರೆ ನಿನ್ನ ಕೆನ್ನೆಗೆ ಬಿಗಿಯುತ್ತಿದ್ದಳು. ಅವಳೇನು ತಿನ್ನುತ್ತಾಳೆ, ಯಾವ ಹೊತ್ತಿಗೆ ತಿನ್ನುತ್ತಾಳೆ, ನೀನು ಕಣ್ಣಾರೆ ನೋಡಿದ್ದೀಯಾ? ಬರೆ. ಸುಮ್ಮನೆ ಕೇಳುತ್ತಿಲ್ಲ.

ನಿನ್ನ ಊರಿನ ಆ ಲೇಡಿ ಡಾಕ್ಟರ ಹತ್ತಿರ ಅವಳನ್ನು ಒಮ್ಮೆ ಕರೆದುಕೊಂಡು ಹೋಗು. ಆಗ ನೀನೂ ತೋರಿಸಿಕೋ. ಇದ್ದಕ್ಕಿದ್ದಂತೆ ಇಳಿದುಹೋಗುವುದೂ ಒಳ್ಳೆಯದಲ್ಲವೆಂದು ಇಲ್ಲಿ ಯಾರೋ ಹೇಳುತ್ತಿದ್ದರು.

ನನ್ನ ವಿಷಯ ಬರೆಯುವಂಥದ್ದೇನಿಲ್ಲ. ಚೆನ್ನಾಗಿದ್ದೇನೆ.

ಶಿವಗಾಮಿ


ಉಡುಮಲೈಪೇಟೆ
6-3-1986

ಶಿವಗಾಮಿಗೆ,

ಯಾರೋ ಹೇಳಿದರಂತೆ! ಆ ಯಾರೋ ಯಾರು? ಎಮ್ಮೆಯಂಥ ಹೆಂಗಸೇ ಆಗಿರಬೇಕು. ತೆಳ್ಳಗಿರುವವರನ್ನು ಕಂಡರೆ ಅಂಥವರಿಗೆ ಹೊಟ್ಟೆಕಿಚ್ಚು.

ಏನು ತಿನ್ನುತ್ತಾಳೆ ಎಂದು ಕೇಳಿದೆಯಲ್ಲ, ಲೆಕ್ಕ ಒಪ್ಪಿಸುತ್ತೇನೆ. ಬೆಳಿಗ್ಗೆ ಮಕ್ಕಳು ಕಚ್ಚಿ ಬಿಟ್ಟ ಇಡ್ಲಿ ದೋಸೆ. ಮಧ್ಯಾಹ್ನ ಮಿಲ್ಲಿನವರೆಲ್ಲ ಉಂಡು, ನಾನು ಉಂಡು, ಪಾತ್ರೆ ಎತ್ತುವ ಹೊತ್ತಿಗೆ ಮೂರೂವರೆ. ಆಗ ಇವಳು ಕೂರುತ್ತಾಳೆ. ಬೋಸಿಯಲ್ಲಿ ಉಳಿದ ಅನ್ನ ಪೂರಾ ಇವಳದೇ. ಕುಳಂಬಿನಲ್ಲಿ ತರಕಾರಿ ಹೋಳೆಲ್ಲ ಖಾಲಿಯಾಗಿರುತ್ತದೆ, ಮೇಲೆ ತೇಲುವ ಎಣ್ಣೆ ಇರುತ್ತದೆ. ಅದನ್ನೇ ಕಲಸಿಕೊಳ್ಳುತ್ತಾಳೆ. ನಮ್ಮ ಮನೆಯಲ್ಲಿ ಎಣ್ಣೆಗೆ ಬರವೇ? ಸಾಯಂಕಾಲ ವ್ಯಾಪಾರಕ್ಕೆ ಬಂದವರಿಗೆ ಕರಿದ ಬೋಂಡಾ ತಟ್ಟೆಯಲ್ಲಿ ಉಳಿದರೆ ಅದೂ ಹೊಟ್ಟೆಗೆ. ಅನ್ನ ಚೆಲ್ಲಬಾರದೆಂಬುದು ಈ ಮನೆಯ ಕಟ್ಟಳೆ. ನನ್ನ ಅತ್ತೆ ನನಗೆ ಹಾಕಿದ್ದು, ನಾನು ಇವಳಿಗೆ ಹಾಕಿದೆ. ಒಮ್ಮೆ 'ಅತ್ತೆ, ಇಷ್ಟು ನಂಗೆ ಬ್ಯಾಡ, ಹೊಟ್ಟೇಲಿ ಜಾಗ ಇಲ್ಲ' ಎಂದಳು. 'ಹಸುವಿಗೆ ಹಾಕೋಕೆ ನಿಮ್ಮಪ್ಪ ಅಕ್ಕಿ ಕಳಿಸವನಾ?' ಎಂದು ಕೇಳಿದೆ. ಬಾಯಿ ಮುಚ್ಚಿಕೊಂಡು ಉಂಡಳು.

ಬಾಣಂತನದಲ್ಲಿ ಕಮ್ಮಿ ಮಾಡಿದೆನೇ? ಮೂರು ಸಲವೂ ಮೂರು ಮೂರು ತಿಂಗಳು ಉದ್ದಿನ ಕಳಿ, ಎಳ್ಳೆಣ್ಣೆ, ಕರುಪ್ಪಟ್ಟಿ ಬೆಲ್ಲ. ಹಾಸಿಗೆಯಿಂದ ಏಳಲು ಬಿಡಲಿಲ್ಲ. ಸೊಂಟ ಗಟ್ಟಿಯಾಗಲೆಂದು ಮಾಡಿದರೆ ಸೊಂಟವೇ ಕಾಣದ ಹಾಗಾಯಿತು. ಈಗ ರುಬ್ಬಲು ಕರೆಂಟ್ ಗ್ರೈಂಡರ್, ನೀರಿಗೆ ಮೋಟಾರು. ಕೂತಲ್ಲೇ ಎಲ್ಲ ಆಗುವಾಗ ಮೈ ಯಾಕೆ ಇಳಿದೀತು?

ಲೇಡಿ ಡಾಕ್ಟರ ಹತ್ತಿರವೂ ಕಳಿಸಿದೆ. ಅವಳ ಮದ್ದೇನು ಗೊತ್ತೇ? 'ನಡೀಂಗಮ್ಮಾ, ದಿನಾ ಒಂದು ಗಂಟೆ ನಡೀಂಗ' ಎಂದಳಂತೆ. ಇದಕ್ಕೆ ಫೀಸು ಬೇರೆ! ಮಿಲ್ಲು ಮನೆ ಸೊಸೆ ರೋಡಿನಲ್ಲಿ ಕೈ ಬೀಸಿಕೊಂಡು ನಡೆದರೆ ಊರು ಏನನ್ನುತ್ತದೆ? ಮನೆಯಲ್ಲಿ ಕಾರು ಮಾರಿಕೊಂಡರೇ ಎನ್ನುತ್ತದೆ. ನಾನು ತೋಟದ ಒಡತಿ, ಕೆಲಸ ನೋಡಲು ನಡೆಯುತ್ತೇನೆ. ಅವಳಿಗೆ ಬೀದಿಯಲ್ಲಿ ಏನು ಕೆಲಸ? ಬೇಡ ಎಂದುಬಿಟ್ಟೆ.

ನನಗೆ ಯಾವ ಡಾಕ್ಟರೂ ಬೇಕಿಲ್ಲ. ಬಿಸಿಲು ಈ ವರ್ಷ ಬೇಗ ಬಂತು, ಕೊಡ ಕೊಡ ನೀರು ಕುಡಿದರೂ ದಾಹ ಹೋಗುವುದಿಲ್ಲ. ಅದಕ್ಕೇ ರಾತ್ರಿ ಮೂರು ನಾಲ್ಕು ಸಲ ಏಳುವುದು. ಬಚ್ಚಲಲ್ಲಿ ಇರುವೆ ಮುತ್ತುತ್ತವೆ, ಆ ದಪ್ಪಮ್ಮ ಸರಿಯಾಗಿ ತೊಳೆಯುವುದಿಲ್ಲ.

ನಿನ್ನ ಒಂದು ಫೋಟೋ ಕಳಿಸು. ಕಲಾಳಿಗೆ ತೋರಿಸಿ ನನ್ನ ತಂಗಿ ಹೇಗಿದ್ದಾಳೆ ನೋಡು ಎನ್ನುತ್ತೇನೆ.

ರಂಗನಾಯಕಿ


ಕುನ್ನತ್ತೂರು
19-4-1986

ಅಕ್ಕನಿಗೆ,

ಒಂದೂವರೆ ತಿಂಗಳು ನಿನಗೆ ಕಾಗದ ಬರೆಯಲಿಲ್ಲ. ಬರೆದು ಹರಿದದ್ದು ನಾಲ್ಕು. ಇದನ್ನು ಹರಿಯುವುದಿಲ್ಲ.

ಫೋಟೋ ಕೇಳಿದೆ. ಫೋಟೋದಲ್ಲಿ ನಾನು ಹಿಡಿಸುವುದಿಲ್ಲ ಅಕ್ಕ. ತೊಂಬತ್ತೊಂದು ಕಿಲೋ ಇದ್ದೇನೆ. ಕಲಾಳಿಗೆ ತೋರಿಸು, ನಿನ್ನ ತಂಗಿ ಒಂದು ಮೂಟೆಯ ಮೇಲೆ ಹನ್ನೊಂದು ಕಿಲೋ ಎಂದು ಹೇಳು. ನಗುವವರನ್ನೆಲ್ಲ ಕರೆಸು. ಎಮ್ಮೆಯಂಥ ಹೆಂಗಸು ಎಂದೆಯಲ್ಲ, ಆ ಯಾರೋ ನಾನೇ.

ನಿನ್ನ ಹೊಸ ಮನೆಯ ಪ್ರವೇಶಕ್ಕೆ, ಕಿವಿ ಚುಚ್ಚುವ ಶಾಸ್ತ್ರಕ್ಕೆ ಬರದಿದ್ದುದು ಇದಕ್ಕೇ. ನಿನ್ನ ನಾಲಿಗೆ ನನಗೆ ಚಿಕ್ಕಂದಿನಿಂದ ಗೊತ್ತು. ಶಾಸ್ತ್ರಕ್ಕೆಂದು ಸೀರೆ ಉಟ್ಟು ಬಸ್ ಸ್ಟ್ಯಾಂಡಿನವರೆಗೆ ಬಂದಿದ್ದೆ. ಬಸ್ಸಿನ ಮೆಟ್ಟಿಲ ಹತ್ತಿರ ಕಂಡಕ್ಟರು ಏನೋ ಅಂದ, ಜನ ನಕ್ಕರು. ಇಲ್ಲಿ ಗೊತ್ತಿಲ್ಲದವರೇ ಇಷ್ಟು ನಕ್ಕರೆ ಅಲ್ಲಿ ನನ್ನ ಅಕ್ಕ ಎಷ್ಟು ನಗುತ್ತಾಳೆ ಎಂದುಕೊಂಡು ಹಿಂದಿರುಗಿದೆ.

ಹೇಗಾಯಿತು ಎನ್ನುತ್ತೀಯಾ? ನೀನೇ ಬರೆದಿದ್ದೀಯ, ಕಲಾಳ ಹೆಸರಿನಲ್ಲಿ. ಅದೇ ಉಳಿದ ಅನ್ನ, ಅದೇ ತೇಲುವ ಎಣ್ಣೆ, ಅದೇ ಮೂರೂವರೆ ಗಂಟೆ. ಅಮ್ಮ ತೀರಿಕೊಂಡ ವರ್ಷ ದುಃಖಕ್ಕೂ ತಿಂದೆ, ಅದನ್ನೂ ಮುಚ್ಚಿಡುವುದಿಲ್ಲ. ಬಾವಿಗೆ ಮೋಟಾರು ಬಂದ ದಿನ ಊರಿಗೆಲ್ಲ ಮಿಠಾಯಿ ಹಂಚಿದೆವು, ನನ್ನ ಕಾಲಿಗೆ ಕೆಲಸ ಹೋದದ್ದು ಯಾರಿಗೂ ತಿಳಿಯಲಿಲ್ಲ. ಹೋದ ವರ್ಷ ತಲೆ ಸುತ್ತಿ ಬಿದ್ದಾಗ ತಿರುಪ್ಪೂರಿನಲ್ಲಿ ರಕ್ತ ನೋಡಿದರು. ಸಕ್ಕರೆ ಕಾಯಿಲೆ, ಬಿ.ಪಿ., ಎರಡೂ ಇವೆ. ಹೀಗೇ ಬಿಟ್ಟರೆ ಹೃದಯಕ್ಕೆ ಬರುತ್ತದೆ ಎಂದರು. ಈಗ ದಿನಾ ಕಣದಲ್ಲಿ ಐವತ್ತು ಸುತ್ತು ಸುತ್ತುತ್ತೇನೆ. ಪಕ್ಕದ ತೋಟದ ಸಾಮಿಯಾತಾಳ್ 'ಏನಕ್ಕಾ, ರಾಗಿ ತುಳೀತಾ ಇದೀಯಾ?' ಎಂದು ಕೇಳುತ್ತಾಳೆ. 'ಹೂಂ, ನಿನ್ನ ನಾಲಿಗೆ ತುಳೀತಾ ಇದೀನಿ' ಎನ್ನುತ್ತೇನೆ. ಊಟ ಗಂಡನ ಜೊತೆಗೇ, ಒಂದು ಗಂಟೆಗೆ. ಉಳಿದದ್ದು ಹಸುವಿಗೆ. ಆಕಾಶವೇನೂ ಬೀಳಲಿಲ್ಲ.

ಕಲಾಳನ್ನು ನೀನೇ ತುಂಬಿಸಿ, ನೀನೇ ಕೂಡಿಹಾಕಿ, ನೀನೇ ತೂಗಿದೆ. ಈಗ ತೌರಿಗೆ ಅಟ್ಟುವವಳೂ ನೀನೇ. ನಾಚಿಕೆಯಾಗುವುದಿಲ್ಲವೇ ನಿನಗೆ?

ಇನ್ನೊಂದು ಮಾತು. ಆ ಚಪ್ಪಲಿ ಗಾಯ ವಾಸಿಯಾಯಿತೇ? ಮರೆಯದೆ ಬರೆ.

ಶಿವಗಾಮಿ


ಉಡುಮಲೈಪೇಟೆ
28-4-1986

ಶಿವಗಾಮಿಗೆ,

ತಿಂದು ಕೊಬ್ಬಿ, ರೋಗ ತರಿಸಿಕೊಂಡು, ನನಗೆ ಬುದ್ಧಿ ಹೇಳುತ್ತೀಯಾ? ತೊಂಬತ್ತೊಂದು! ಬರೆಯಲು ಕೈಯಾದರೂ ಹೇಗೆ ಬಂತು? ಅಪ್ಪನ ಮಗಳು ಎಂದು ಹೇಳಿಕೊಳ್ಳಬೇಡ. ಅಪ್ಪ ಕೊನೆಯವರೆಗೂ ಕಡ್ಡಿಯ ಹಾಗಿದ್ದರು.

ಕಲಾಳನ್ನು ನಿನ್ನೆ ಪೊಳ್ಳಾಚಿ ಬಸ್ಸಿಗೆ ಹತ್ತಿಸಿದ್ದಾಯಿತು. ದೊಡ್ಡ ಮಕ್ಕಳಿಬ್ಬರನ್ನು ಉಳಿಸಿಕೊಂಡೆ. ಸಣ್ಣದು ಸೊಂಟ ಬಿಡಲಿಲ್ಲ, ಅದನ್ನು ಮಾತ್ರ ಕರೆದುಕೊಂಡು ಹೋದಳು. ಪೊಂಗಲ್ ಹಬ್ಬದ ತೈ ತಿಂಗಳಲ್ಲಿ ದಂಡಪಾಣಿಗೆ ಹೆಣ್ಣು ನೋಡುತ್ತೇನೆ. ನೀನು ಬರಬೇಕಿಲ್ಲ. ಮದುವೆ ಚಪ್ಪರದಲ್ಲಿ ನಿನಗೆ ತಕ್ಕ ಕುರ್ಚಿಯೂ ಇರುವುದಿಲ್ಲ.

ಗಾಯ ಹಾಗೇ ಇದೆ, ಸ್ವಲ್ಪ ಕಪ್ಪಗಾಗಿದೆ. ಅರಿಶಿನ ಹಚ್ಚಿ ಬಟ್ಟೆ ಸುತ್ತಿದ್ದೇನೆ. ನೋವು ಒಂದಿಷ್ಟೂ ಇಲ್ಲ. ಮುಳ್ಳು ತುಳಿದರೂ ತಿಳಿಯುವುದಿಲ್ಲ, ಕಬ್ಬಿಣದ ಮೈ ನನ್ನದು. ಸಕ್ಕರೆ ಕಾಯಿಲೆ ನಿನ್ನಂಥ ದಪ್ಪನೆಯವರಿಗೆ. ನನ್ನ ಮನೆ ಬಾಗಿಲಿಗೆ ಅದನ್ನು ತರಬೇಡ.

ರಂಗನಾಯಕಿ


ಕುನ್ನತ್ತೂರು
3-5-1986

ಅಕ್ಕ,

ನಿನ್ನ ಬೈಗುಳ ಆಮೇಲೆ ಓದಿಕೊಳ್ಳುತ್ತೇನೆ. ಮೊದಲು ಇದನ್ನು ಓದು.

ಅಪ್ಪನ ಕಾಲು ನೆನಪಿದೆಯೇ? ಅವರೂ ಕಡ್ಡಿಯ ಹಾಗಿದ್ದರು. ನೇಗಿಲು ತಗುಲಿದ ಗಾಯ ಕಪ್ಪಾಗಿತ್ತು. 'ನೋವಿಲ್ಲ ಕಣ್ರೇ' ಎಂದು ನಗುತ್ತಿದ್ದರು. ನೀರಿನ ಚೊಂಬು ತಲೆದಿಂಬಿನ ಹತ್ತಿರವೇ ಇರಬೇಕಿತ್ತು. ಬಚ್ಚಲಿನ ಆ ಇರುವೆ ಸಾಲನ್ನು ನಾನೂ ನೀನೂ ಪೊರಕೆಯಿಂದ ಗುಡಿಸುತ್ತಿದ್ದೆವಲ್ಲ! ನಲವತ್ತು ದಿನದಲ್ಲಿ ಹೋದರು. ಏನಾಯಿತೆಂದು ಆಗ ಯಾರಿಗೆ ಗೊತ್ತಿತ್ತು? ನನಗೆ ಈಗ ಗೊತ್ತು, ಅದೂ ಸಕ್ಕರೆ ಕಾಯಿಲೆಯೇ. ಇದು ಅಪ್ಪನಿಂದ ನಮ್ಮಿಬ್ಬರಿಗೂ ಬಂದದ್ದು. ನನ್ನನ್ನು ಉಬ್ಬಿಸಿತು, ನಿನ್ನನ್ನು ಕರಗಿಸುತ್ತಿದೆ.

ಈ ಕಾಗದ ಕಂಡ ದಿನವೇ ಆಸ್ಪತ್ರೆಗೆ ಹೋಗು. ಕಾಲು ಹಿಡಿದು ಕೇಳುತ್ತೇನೆ.

ಶಿವಗಾಮಿ


ಕುನ್ನತ್ತೂರು
2-6-1986

ಅಕ್ಕ,

ಒಂದು ತಿಂಗಳಾದರೂ ಉತ್ತರ ಬರಲಿಲ್ಲ. ದಂಡಪಾಣಿಗೆ ತಮಿಳಿನಲ್ಲಿ ಬರೆಸಿದೆ. 'ಅಮ್ಮ ಡಾಕ್ಟರ ಹೆಸರೆತ್ತಿದರೆ ಬೈತಾಳೆ ಚಿಕ್ಕಮ್ಮ' ಎಂದು ಮೂರು ಸಾಲು ಬರೆದ. ಬೈಗುಳಕ್ಕೆ ಹೆದರಿ ತಾಯಿಯ ಕಾಲು ಕೊಳೆಯಲು ಬಿಟ್ಟ ಗಂಡಸು! ಒಳ್ಳೆಯ ಮಗನನ್ನು ಹೆತ್ತಿದ್ದೀಯ.

ನಾನು ಬಂದರೆ ನೀನು ಬಾಗಿಲು ತೆಗೆಯುವುದಿಲ್ಲ. ಅದಕ್ಕೇ ನಿನ್ನೆ ಪೊಳ್ಳಾಚಿಗೆ ಹೋದೆ. ಹೌದು, ಬಸ್ಸಿನಲ್ಲಿ. ಕಂಡಕ್ಟರು ಬಾಯಿ ತೆಗೆಯುವ ಮೊದಲೇ 'ಎರಡು ಟಿಕೆಟ್ ಕೊಡು, ಒಂದು ನಿನ್ನ ಬಾಯಿಗೆ' ಎಂದೆ. ತೆಪ್ಪಗೆ ಒಂದು ಹರಿದುಕೊಟ್ಟ.

ಕಲಾ ಮೊದಲು ನಂಬಲಿಲ್ಲ. 'ಅತ್ತೆಗೆ ಕಾಯಿಲೆಯಾ? ಗಾಳಿ ಥರ ಓಡಾಡ್ತಾರಲ್ಲ' ಎಂದಳು. ಬೇರೆ ದಾರಿ ಕಾಣಲಿಲ್ಲ ಅಕ್ಕ. ನಿನ್ನ ಕಾಗದಗಳನ್ನು ತೆಗೆದು ಓದಿ ಹೇಳಿದೆ. ದಾಹ, ಬಳೆ, ಗಾಯ ಇರುವಷ್ಟನ್ನು ಮಾತ್ರ ಓದೋಣವೆಂದಿದ್ದೆ. ಅವಳು ಬಿಡಲಿಲ್ಲ. 'ಎಲ್ಲಾ ಓದಿ ಚಿಕ್ಕತ್ತೆ, ನನ್ನ ಬಗ್ಗೆ ಇರೋದೂ ಓದಿ' ಎಂದಳು. ಓದಿದೆ. ಬಾಗಿಲು, ಬೆಳಕು, ಮೂಟೆ, ದಪ್ಪಮ್ಮ, ಹೊಸ ಹೆಣ್ಣು, ಎಲ್ಲವನ್ನೂ. ಯಾರಿಗೂ ತಿಳಿಯದ ಅಕ್ಷರವೆಂದು ನಂಬಿ ನೀನು ಬರೆದದ್ದನ್ನು ನಾನೇ ಬಾಯಿ ಬಿಟ್ಟು ಓದಿದೆ. ತಪ್ಪೇ. ಕ್ಷಮೆ ಕೇಳುವುದಿಲ್ಲ.

ಅವಳು ಮಗುವಿನ ತಲೆ ಸವರಿದಳು. ಆಮೇಲೆ ಹೇಳಿದ್ದನ್ನು ಹಾಗೇ ಬರೆಯುತ್ತೇನೆ: 'ಎಂಬತ್ನಾಲ್ಕು ಅಲ್ಲ ಚಿಕ್ಕತ್ತೆ. ಆವತ್ತು ಪಾಪ ನನ್ನ ಸೊಂಟದ ಮೇಲೇ ಇತ್ತು. ಇವಳೇ ಹನ್ನೊಂದು ಕಿಲೋ ಅವಳೆ. ಮೂಟೆ ತೂಗಿದ್ರೆ ಗೋಣಿ ತೂಕ ಮರೀದೆ ಕಳೀತಾರೆ ಅತ್ತೆ, ಒಂದು ದಿನಾನೂ ತಪ್ಪಿದ್ದು ನಾ ನೋಡಿಲ್ಲ. ಪಾಪನ್ನ ಇಳಿಸು ಅಂತ ಮಾತ್ರ ಯಾರೂ ಹೇಳಲಿಲ್ಲ.'

ಆಮೇಲೆ ಇನ್ನೊಂದು ಮಾತು ಹೇಳಿದಳು: 'ಇರುವೆ ನಾನು ದಿನಾ ನೋಡ್ತಿದ್ದೆ. ಎರಡೆರಡು ಸಲ ತೊಳೆದರೂ ಬರ್ತಿತ್ತು. ಹೇಳಿದ್ರೆ ಬೈತಾರೆ ಅಂತ ಸುಮ್ಮನಿದ್ದೆ.' ಅಂದು ಎದ್ದು, ಸೀರೆ ಬದಲಾಯಿಸಲು ಒಳಗೆ ಹೋದಳು.

ಈ ಕಾಗದ ನಿನ್ನ ಕೈ ಸೇರುವ ಮೊದಲೇ ಅವಳು ನಿನ್ನ ಬಾಗಿಲಲ್ಲಿರುತ್ತಾಳೆ. ಬೆಳಕು ಬರದಿದ್ದರೆ ಸ್ವಲ್ಪ ತಡೆದುಕೋ.

ಶಿವಗಾಮಿ


ಕೊಯಮತ್ತೂರು, ಆಸ್ಪತ್ರೆ
29-6-1986

ಶಿವಗಾಮಿಗೆ,

ಕಣ್ಣು ಮಂಜಾಗಿದೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಬೈಯುವ ಹಕ್ಕು ಈಗ ನಿನಗೆ ಬಂದಿದೆ ಎಂದು ಬಲ್ಲೆ, ಅದಕ್ಕೇ ಮೊದಲೇ ಹೇಳಿದೆ.

ಬಲಗಾಲಿನ ಎರಡು ಬೆರಳು ತೆಗೆದರು. ಇನ್ನೊಂದು ವಾರ ಬಿಟ್ಟಿದ್ದರೆ ಮಂಡಿಯವರೆಗೆ ತೆಗೆಯಬೇಕಾಗುತ್ತಿತ್ತಂತೆ. ಸಕ್ಕರೆ ನಿನಗಿಂತ ಜಾಸ್ತಿ ಇದೆ. ಇದರಲ್ಲೂ ನಿನ್ನನ್ನು ಸೋಲಿಸಿದೆ ನೋಡು. ದಿನಾ ಎರಡು ಸೂಜಿ.

ಅವಳು ಬಂದ ದಿನ ನಾನು ಜಗುಲಿಯ ಮೇಲೆ ಜ್ವರದಲ್ಲಿ ಬಿದ್ದಿದ್ದೆ. 'ಯಾಕೆ ಬಂದೆ? ಹೋಗು' ಎಂದೆ. ಬಾಯಿಗೆ ಬಂದದ್ದೆಲ್ಲ ಅಂದೆ. 'ಮಿಕ್ಕಿದ್ದನ್ನ ಕಾರಲ್ಲಿ ಬೈಯಿರಿ ಅತ್ತೆ, ದಾರಿ ಉದ್ದ ಐತೆ' ಎಂದು ನನ್ನನ್ನು ಎತ್ತಿಕೊಂಡುಬಿಟ್ಟಳು. ದಂಡಪಾಣಿ ಕಾರಿನ ಬಾಗಿಲು ತೆಗೆದ. ಅವನ ಕೈಯಲ್ಲಿ ಆದದ್ದು ಅಷ್ಟೇ.

ಇಲ್ಲಿ ಕೂತು ಷರತ್ತು ಹಾಕುತ್ತಿದ್ದಾಳೆ, ಆ ಬಾಯಿ ಎಲ್ಲಿತ್ತೋ! ಇನ್ನು ಮೇಲೆ ಒಂದು ಗಂಟೆಗೆ ಎಲ್ಲರ ಜೊತೆ ಕೂತು ಉಣ್ಣುತ್ತಾಳಂತೆ. ಉಳಿದದ್ದು ಹಸುವಿಗಂತೆ. ಬೆಳಿಗ್ಗೆ ಕಾಲುವೆ ದಂಡೆಯ ಮೇಲೆ ಒಂದು ಗಂಟೆ ನಡೆಯುತ್ತಾಳಂತೆ, ಊರು ಏನಾದರೂ ಅಂದುಕೊಳ್ಳಲಂತೆ. ಒಪ್ಪದಿದ್ದರೆ ಮೂರು ಮಕ್ಕಳನ್ನೂ ಕರೆದುಕೊಂಡು ಪೊಳ್ಳಾಚಿಗೆ ಹೋಗುತ್ತಾಳಂತೆ. ನಾನು ಮುಖ ತಿರುಗಿಸಿಕೊಂಡೆ. ಗೋಡೆ ನೋಡಿಕೊಂಡೇ, 'ಕಾಲುವೆ ದಂಡೇಲಿ ನಾಯಿ ಜಾಸ್ತಿ, ಕೋಲು ಹಿಡ್ಕೊಂಡು ಹೋಗು' ಎಂದೆ. ಅದಕ್ಕಿಂತ ಹೆಚ್ಚು ನನ್ನ ಬಾಯಲ್ಲಿ ಬರಲಿಲ್ಲ. ನಿನಗೆ ಬರೆಯುತ್ತಿರುವುದು ಅವಳಿಗೆ ಹೇಳಲಾಗದ್ದನ್ನು.

ನಿನ್ನೆ ಸೂಜಿಮದ್ದಿನ ಅಳತೆಗೆ ನನ್ನ ತೂಕ ಬೇಕೆಂದರು. ನಿಲ್ಲಲು ಕಾಲಿಲ್ಲ. ಕಲಾ ನನ್ನನ್ನು ಮಗುವಿನ ಹಾಗೆ ಎತ್ತಿಕೊಂಡು ತಕ್ಕಡಿಯ ಮೇಲೆ ನಿಂತಳು. ನೂರ ಏಳು. ಸುತ್ತ ಹತ್ತು ಮಂಚ, ಎಲ್ಲರೂ ನೋಡುತ್ತಿದ್ದರು. ಯಾರಾದರೂ ನಗುತ್ತಾರೆಂದು ನಾನು ಅವಳ ಹೆಗಲಲ್ಲಿ ಮುಖ ಮುಚ್ಚಿಕೊಂಡೆ. ನರ್ಸು ಸಾಂತಿ ಇಪ್ಪತ್ತು ವರ್ಷದ ಹುಡುಗಿ, ಮಿಲ್ಲು ಕಂಡವಳಲ್ಲ, ಮೂಟೆ ಕಂಡವಳಲ್ಲ. 'ಇರುಂಗಕ್ಕಾ', ಸ್ವಲ್ಪ ತಡೀರಿ ಎಂದು ನನ್ನನ್ನು ಮಂಚದ ಮೇಲೆ ಕೂರಿಸಿ, ಕಲಾಳನ್ನು ಒಬ್ಬಳೇ ಮತ್ತೆ ಹತ್ತಿಸಿದಳು. ಎಪ್ಪತ್ತೊಂದು. ಕಳೆದು, ಚೀಟಿಯಲ್ಲಿ ಮೂವತ್ತಾರು ಎಂದು ಬರೆದಳು.

ಮೂವತ್ತು ವರ್ಷ ಆ ಮಿಲ್ಲು ನಡೆಸಿದವಳು, ಗೋಣಿಯ ತೂಕ ಕಳೆಯಲು ಒಂದು ದಿನವೂ ಮರೆಯದವಳು ನಾನು. ಕಲಾ ತಕ್ಕಡಿಯಿಂದ ಇಳಿದು ನನ್ನ ಮುಖ ನೋಡಿದಳು. ಅವಳು ಏನು ನೆನೆಸಿಕೊಂಡಳೆಂದು ನನಗೆ ಗೊತ್ತು. ನಾನು ಅದನ್ನೇ ನೆನೆಸಿಕೊಂಡೆನೆಂದು ಅವಳಿಗೂ ಗೊತ್ತಾಯಿತು. ಬಂದು ನನ್ನ ಹೊದಿಕೆ ಸರಿಮಾಡಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ ಶಿವಗಾಮಿ.

ನಿನ್ನ ತೊಂಬತ್ತೊಂದನ್ನೂ ಹೊತ್ತುಕೊಂಡು ಒಮ್ಮೆ ಬಂದುಹೋಗು. ನನ್ನ ಮಂಚದಲ್ಲಿ ಬೇಕಾದಷ್ಟು ಜಾಗವಿದೆ.

ರಂಗನಾಯಕಿ